ನೈಲಾನ್ ತಂತಿಯ ಎಲೆಕ್ಟ್ರಿಕ್ ಗಿಟಾರ್: ವೇದಿಕೆಗೆ ಯಾವುದು, ರೆಕಾರ್ಡಿಂಗ್‌ಗೆ ಯಾವುದು?

ಮೈಸೂರು ಮಂದ್ರ · ಜುಲೈ 4, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷದಿಂದ ಭಾವಗೀತೆ, ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ನನಗೆ ನೈಲಾನ್ ತಂತಿಯೇ ಬೇಕು. ಸ್ಟೀಲ್ ತಂತಿ ಹಾಡುವವರ ದನಿಯ ಜೊತೆ ಪೈಪೋಟಿಗೆ ಇಳಿಯುತ್ತದೆ. ನೈಲಾನ್ ದನಿಗೆ ಜಾಗ ಬಿಟ್ಟು ಕೂರುತ್ತದೆ.

ಕಳೆದ ತಿಂಗಳು ಬಯಲಿನಲ್ಲಿ ಒಂದು ಕಾರ್ಯಕ್ರಮ ಇತ್ತು. ತಬಲಾ, ಢೋಲಕ್, ರಿದಂ ಪ್ಯಾಡ್, ಕೀಬೋರ್ಡ್, ಕೊಳಲು, ನಡುವೆ ನಾನು. ನನ್ನದು ಮಾಮೂಲಿ ಕ್ಲಾಸಿಕಲ್ ಗಿಟಾರ್, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ) ಕೆಳಗೆ ಪಿಕಪ್ (ದನಿ ಹಿಡಿದು ವಿದ್ಯುತ್ ಮಾಡುವ ಸಾಧನ) ಹಾಕಿಸಿದ್ದೇನೆ. ಆರನೇ (ಅತಿ ದಪ್ಪ) ತಂತಿಯ ಮೂರನೇ ಫ್ರೆಟ್ (ಕತ್ತಿನ ಮೇಲಿನ ಮೆಟ್ಟಿಲು) ಮುಟ್ಟಿದರೆ ಸಾಕು, ಬುಂಯ್ ಎಂದು ಹೌಲಿಂಗ್ ಶುರು. ಸೌಂಡ್‌ನವರು ನನ್ನ ಚಾನೆಲ್ ಇಳಿಸಿದರು. ಆಮೇಲೆ ಎರಡು ಗಂಟೆ ನಾನು ನುಡಿಸಿದ್ದು ನನಗೇ ಕೇಳಲಿಲ್ಲ. ಒಂದು ಹಾಡಿನಲ್ಲಂತೂ ಗಾಯಕಿ ಚರಣದ ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿ ನೋಡಿದರು. ಆ ನೋಟ ಇನ್ನೂ ಮನಸ್ಸಿನಲ್ಲಿದೆ.

ಅದಕ್ಕೇ ವೇದಿಕೆಗೆಂದೇ ಮಾಡಿದ ನೈಲಾನ್ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕು ಅಂತ ತೀರ್ಮಾನಿಸಿದ್ದೇನೆ. ಒಂದು ಲಕ್ಷದೊಳಗೆ ಆಗಬೇಕು. ಆಗಾಗ ಸ್ಟುಡಿಯೋದಲ್ಲೂ ನುಡಿಸುತ್ತೇನೆ, ಅಲ್ಲಿಗೂ ಅದೇ ಸಾಕಾಗುತ್ತದಾ? ನುಡಿಸಿ ನೋಡಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಸೌಂಡ್ · ಜುಲೈ 4, ರಾತ್ರಿ 11:35

ಸರ್, ನಾನು ಸೌಂಡ್ ಕಡೆಯವನು. ಇಪ್ಪತ್ತು ವರ್ಷದಿಂದ ಮಿಕ್ಸರ್ ಹಿಂದೆ ಕೂತಿದ್ದೇನೆ. ಮೊದಲು ಏನಾಗುತ್ತಿದೆ ಅಂತ ಹೇಳುತ್ತೇನೆ.

ಆರನೇ ತಂತಿಯ ಮೂರನೇ ಫ್ರೆಟ್ ಅಂದರೆ ಜಿ ಸ್ವರ, 98 ಹರ್ಟ್ಸ್. ಕ್ಲಾಸಿಕಲ್ ಗಿಟಾರಿನ ಪೆಟ್ಟಿಗೆಯ ಒಳಗಿನ ಗಾಳಿ ತಾನಾಗಿ ಗುಂಯ್‌ಗುಡುವುದೂ ಹೆಚ್ಚುಕಡಿಮೆ ಅಲ್ಲೇ, 90ರಿಂದ 105ರ ಆಸುಪಾಸಿನಲ್ಲಿ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಶಬ್ದ ಬರುತ್ತದಲ್ಲ, ಅದೇ ಲೆಕ್ಕ. ಮಾನಿಟರಿನಿಂದ (ನುಡಿಸುವವರ ಕಡೆ ತಿರುಗಿಸಿದ ಸ್ಪೀಕರ್) ಆ ಸ್ವರ ಬಂದು ಪೆಟ್ಟಿಗೆಗೆ ಬಡಿಯುತ್ತದೆ. ಪೆಟ್ಟಿಗೆ ನಡುಗುತ್ತದೆ, ಪಿಕಪ್ ಅದನ್ನು ಹಿಡಿಯುತ್ತದೆ, ಮತ್ತೆ ಮಾನಿಟರಿಗೆ ಕಳಿಸುತ್ತದೆ. ಸುತ್ತಿ ಸುತ್ತಿ ಕೂಗು. ಮನೆಯಲ್ಲಿ ಗಿಟಾರಿಗೆ ಒಳ್ಳೆಯ ದನಿ ಕೊಡುವ ಗಾಳಿಯೇ ವೇದಿಕೆಯಲ್ಲಿ ನಿಮ್ಮ ಶತ್ರು ಆಗುತ್ತದೆ.

ಹೊಸ ಗಿಟಾರಿಗೆ ದುಡ್ಡು ಹಾಕುವ ಮೊದಲು ಇದನ್ನೊಮ್ಮೆ ಮಾಡಿ ನೋಡ್ರಿ. ತೂತಿಗೆ ರಬ್ಬರ್ ಮುಚ್ಚಳ ಹಾಕಿ. ಪ್ರೀಆಂಪಿನಲ್ಲಿ (ಪಿಕಪ್ಪಿನ ದನಿಯನ್ನು ಮೊದಲು ಏರಿಸುವ ಘಟಕ) ನಾಚ್ (ಒಂದು ಸ್ವರದ ಸುತ್ತ ಮಾತ್ರ ದನಿ ತಗ್ಗಿಸುವ ಗುಂಡಿ) ಇದ್ದರೆ 100ರ ಹತ್ತಿರ ತಂದು ಇಳಿಸಿ. ಫೇಸ್ ಬಟನ್ (ಶಬ್ದದ ಅಲೆಯನ್ನು ತಲೆಕೆಳಗು ಮಾಡುವುದು) ಇದ್ದರೆ ಒತ್ತಿ ನೋಡಿ. ಮಾನಿಟರ್ ನಿಮ್ಮ ಎದುರಿಗೆ, ಗಿಟಾರಿನ ತೂತಿಗೆ ನೇರವಾಗಿ ಇರಬಾರದು, ಪಕ್ಕಕ್ಕೆ ಸರಿಸಿ. ಸಣ್ಣ ಸಭಾಂಗಣದಲ್ಲಿ ಇಷ್ಟಕ್ಕೇ ಸರಿಹೋಗುತ್ತದೆ. ಬಯಲಿನಲ್ಲಿ, ರಿದಂ ಪ್ಯಾಡ್ ಜೊತೆಗೆ ಅಂದರೆ ಹೋಗುವುದಿಲ್ಲ. ಅಲ್ಲಿ ಗಿಟಾರೇ ಬೇರೆ ಬೇಕು.

ಆರನೇ ತಂತಿ · ಜುಲೈ 5, ಬೆಳಿಗ್ಗೆ 7:20

ಹುಬ್ಬಳ್ಳಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಗಿಟಾರ್‌ಗಳ ಬಗ್ಗೆ ನಾನು ಹೇಳುತ್ತೇನೆ. ಹತ್ತು ಹನ್ನೆರಡು ವರ್ಷ ಇದರದ್ದೇ ಹುಚ್ಚು ನನಗೆ.

ಎಲೆಕ್ಟ್ರಿಕ್ ಗಿಟಾರಿನ ಮಾಮೂಲಿ ಪಿಕಪ್ ಅಯಸ್ಕಾಂತದ್ದು. ಅದಕ್ಕೆ ಕಬ್ಬಿಣದ ಅಂಶ ಇರುವ ತಂತಿ ಬೇಕು. ನೈಲಾನ್ ಅದಕ್ಕೆ ಕಾಣಿಸುವುದೇ ಇಲ್ಲ. ದಪ್ಪ ತಂತಿಗಳ ಮೇಲೆ ಲೋಹ ಸುತ್ತಿರುತ್ತದಲ್ಲ ಅಂತ ಕೇಳಬಹುದು. ಅದು ಬೆಳ್ಳಿ ಲೇಪದ ತಾಮ್ರ, ಒಳಗೆ ನೈಲಾನ್ ಎಳೆಗಳು. ಅದೂ ಅಯಸ್ಕಾಂತಕ್ಕೆ ಸಿಗದು. ಹಾಗಾಗಿ ನೈಲಾನ್ ಗಿಟಾರಿಗೆ ಸಾಮಾನ್ಯವಾಗಿ ಪೀಜೋ ಪಿಕಪ್ಪೇ ದಾರಿ. ಒತ್ತಿದರೆ ವಿದ್ಯುತ್ ಕೊಡುವ ಸಣ್ಣ ಹರಳು ಅಥವಾ ಪಟ್ಟಿ, ಸ್ಯಾಡಲ್ ಕೆಳಗೆ ಕೂರುತ್ತದೆ.

ಇದರ ಕತೆ ಹಳೆಯದು. 1960ರ ದಶಕದಲ್ಲೇ ಅಮೆರಿಕದ ಬಾಲ್ಡ್ವಿನ್ ಕಂಪನಿ ಪ್ರಿಸ್ಮಾಟೋನ್ ಎನ್ನುವ ಪೀಜೋ ಪಿಕಪ್ ಹಾಕಿದ ಕ್ಲಾಸಿಕಲ್ ಗಿಟಾರ್ ಮಾರುತ್ತಿತ್ತು. ಅಮೆರಿಕದ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ ಹತ್ತಿರ ಅಂಥದ್ದು ಒಂದಿತ್ತು, ಒಡೆದುಹೋಯಿತು. 1969ರಲ್ಲಿ ಅದರ ಪಿಕಪ್ಪನ್ನು ಬಿಚ್ಚಿಸಿ ಮಾರ್ಟಿನ್ ಎನ್-20 ಎನ್ನುವ ನೈಲಾನ್ ಗಿಟಾರಿಗೆ ಹಾಕಿಸಿಕೊಂಡರು. ಅದೇ ಅವರ 'ಟ್ರಿಗರ್'. ನುಡಿಸಿ ನುಡಿಸಿ ಮೇಲ್ಪಲಕದಲ್ಲಿ ಇನ್ನೊಂದು ತೂತೇ ಬಿದ್ದಿದೆ, ಆದರೂ ಅವರು ಅದನ್ನು ಬಿಟ್ಟಿಲ್ಲ. ಒಂದು ವಾದ್ಯದ ಮೇಲೆ ಅಷ್ಟು ನಿಷ್ಠೆ ಇಟ್ಟವರನ್ನು ಕಂಡರೆ ನನಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಆಮೇಲೆ 1980ರ ದಶಕದ ಆರಂಭದಲ್ಲಿ ಗಿಬ್ಸನ್ ಕಂಪನಿ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಹೆಸರಿನಲ್ಲಿ ಸಿ.ಇ. ಮಾಡೆಲ್ ತಂದಿತು. ಅದು ದೊಡ್ಡ ಹೆಜ್ಜೆ. ತೂತಿನ ಪೆಟ್ಟಿಗೆಯೇ ಇಲ್ಲ. ಹೆಚ್ಚುಕಡಿಮೆ ಗಟ್ಟಿ ಮರ, ಒಳಗೆ ಸ್ವಲ್ಪ ಟೊಳ್ಳು. ಒಂದೊಂದು ತಂತಿಗೂ ಬೇರೆ ಬೇರೆ ಪೀಜೋ. ರಾಕ್ ಬ್ಯಾಂಡಿನ ಡ್ರಮ್ ಪಕ್ಕದಲ್ಲೂ ನೈಲಾನ್ ನುಡಿಸಬಹುದು ಅಂತ ತೋರಿಸಿದ್ದು ಅದೇ.

ಈಗ ಸಿಗುವುದನ್ನು ಮೂರು ಗುಂಪು ಮಾಡಿಕೊಳ್ಳಬಹುದು. ಒಂದು, ಪೆಟ್ಟಿಗೆ ತೆಳುವಾಗಿ, ತೂತು ಇದ್ದು, ಪಿಕಪ್ ಇರುವವು: ಯಮಹಾ ಎನ್‌ಟಿಎಕ್ಸ್, ಕಾರ್ಡೋಬಾ ಫ್ಯೂಷನ್, ಟೇಲರ್‌ನ ನೈಲಾನ್ ಮಾಡೆಲ್‌ಗಳು. ಎರಡು, ಮರವನ್ನು ಕೊರೆದು ಒಳಗೆ ಕೋಣೆ ಬಿಟ್ಟು, ಮೇಲೆ ತೆಳು ಪಲಕ ಹಾಕಿದವು: ಗೊಡಿನ್ ಮಲ್ಟಿಯಾಕ್, ಕಾರ್ಡೋಬಾ ಸ್ಟೇಜ್. ಮೂರು, ಮೈಯೇ ಇಲ್ಲದವು: ಯಮಹಾ ಸೈಲೆಂಟ್ ಗಿಟಾರ್. ಮೊದಲನೆಯದರಿಂದ ಮೂರನೆಯದಕ್ಕೆ ಹೋದಷ್ಟೂ ಹೌಲಿಂಗ್ ಕಡಿಮೆ, ಗಾಳಿಯ ದನಿಯೂ ಕಡಿಮೆ. ಎರಡೂ ಪೂರ್ತಿ ಸಿಗುವ ಗಿಟಾರ್ ನಾನಂತೂ ಇಲ್ಲಿಯವರೆಗೆ ನೋಡಿಲ್ಲ. ನಿಮ್ಮ ವೇದಿಕೆ ಎಷ್ಟು ಜೋರು ಅನ್ನುವುದನ್ನು ಮೊದಲು ತೀರ್ಮಾನಿಸಿ, ಬ್ರ್ಯಾಂಡ್ ಆಮೇಲೆ.

ಮೈಸೂರು ಮಂದ್ರ · ಜುಲೈ 5, ಬೆಳಿಗ್ಗೆ 8:05

ಇಬ್ಬರಿಗೂ ತುಂಬಾ ಧನ್ಯವಾದ. ರಬ್ಬರ್ ಮುಚ್ಚಳ ಇವತ್ತೇ ತರಿಸುತ್ತೇನೆ.

ಇನ್ನೊಂದು ಗೊಂದಲ. ಕೆಲವು ಮಾಡೆಲ್‌ಗಳಲ್ಲಿ ನಟ್ (ಕತ್ತಿನ ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಅಗಲ 48 ಮಿ.ಮೀ. ಅಂತ ಬರೆದಿದೆ, ಕೆಲವದರಲ್ಲಿ 52. ನನ್ನ ಈಗಿನದು 52. ನಾಲ್ಕು ಮಿಲಿಮೀಟರಿನಿಂದ ಅಷ್ಟು ವ್ಯತ್ಯಾಸ ಆಗುತ್ತದಾ?

ಕಡಲತಡಿ · ಜುಲೈ 5, ಬೆಳಿಗ್ಗೆ 9:40

ಆಗುತ್ತದೆ, ಜಾಸ್ತಿಯೇ ಆಗುತ್ತದೆ. ನಾನು ಮಂಗಳೂರಿನವನು, ಚರ್ಚ್ ಕ್ವಯರ್‌ನಲ್ಲಿ ಸ್ಟೀಲ್ ಗಿಟಾರಿನಿಂದ ಶುರು ಮಾಡಿದವನು. ನನಗೆ 52 ಅಂದರೆ ಕೈ ಚಾಚಿ ಚಾಚಿ ಮಣಿಕಟ್ಟು ನೋಯುತ್ತಿತ್ತು. 48ಕ್ಕೆ ಬಂದ ಮೇಲೆ ಹಾಯಾಗಿದೆ. ಆದರೆ ನೀವು ಹದಿನಾಲ್ಕು ವರ್ಷ 52ರಲ್ಲಿ ಬೆರಳು ಓಡಿಸಿದವರು. ಬಲಗೈ ಬೆರಳುಗಳಿಗೆ ತಂತಿಗಳ ನಡುವಿನ ಜಾಗ ಲೆಕ್ಕವಾಗಿ ಕೂತಿರುತ್ತದೆ. ಕಿರಿದಾದರೆ ಆರ್ಪೆಜಿಯೋ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಬಿಡಿಸುವುದು) ನುಡಿಸುವಾಗ ಪಕ್ಕದ ತಂತಿಗೆ ಉಗುರು ತಾಗುತ್ತದೆ.

ಇನ್ನೂ ಎರಡು ವಿಷಯ ನೋಡಿಕೊಳ್ಳಿ. ಕ್ಲಾಸಿಕಲ್‌ನಲ್ಲಿ ಕತ್ತು ಮೈಗೆ ಸೇರುವುದು 12ನೇ ಫ್ರೆಟ್ಟಿನಲ್ಲಿ, ಬೆರಳುಹಲಗೆ ಚಪ್ಪಟೆ. ಕ್ರಾಸ್‌ಓವರ್ ಅಂತ ಕರೆಯುವ ಗಿಟಾರುಗಳಲ್ಲಿ ಸಾಮಾನ್ಯವಾಗಿ 14ನೇ ಫ್ರೆಟ್ಟಿನಲ್ಲಿ ಸೇರುತ್ತದೆ, ಹಲಗೆ ಸ್ವಲ್ಪ ಉಬ್ಬಾಗಿರುತ್ತದೆ. ಬಾರೆ ಕಾರ್ಡ್ (ಒಂದೇ ಬೆರಳಿನಿಂದ ಹಲವು ತಂತಿ ಒತ್ತುವುದು) ಹಿಡಿಯಲು ಉಬ್ಬು ಸುಲಭ. ಯಮಹಾದವರು ಇದನ್ನೇ ಎರಡು ಸಾಲಿನಲ್ಲಿ ಮಾಡಿದ್ದಾರೆ: ಎನ್‌ಸಿಎಕ್ಸ್ 52, ಎನ್‌ಟಿಎಕ್ಸ್ 48. ಸೈಲೆಂಟ್ ಗಿಟಾರಿನಲ್ಲೂ ಹಾಗೇ, ಎಸ್‌ಎಲ್‌ಜಿ200ಎನ್ 50 ಮಿ.ಮೀ., ಎನ್‌ಡಬ್ಲ್ಯೂ ಅಂತ ಬರೆದದ್ದು 52.

ಅಂಗಡಿಗೆ ಹೋದಾಗ ಹೊಸ ರಾಗ ನುಡಿಸಬೇಡಿ. ನಿಮ್ಮ ಕಾರ್ಯಕ್ರಮದ ಎರಡು ಹಾಡು ಪೂರ್ತಿ ನುಡಿಸಿ. ಐದು ನಿಮಿಷದಲ್ಲಿ ಕೈಯೇ ಹೇಳುತ್ತದೆ.

ಮೇಪಲ್ ಮನೆ · ಜುಲೈ 5, ಮಧ್ಯಾಹ್ನ 12:15

ಟೊರಾಂಟೊದಿಂದ ನಮಸ್ಕಾರ. ಊರು ಸಾಗರ. ನನ್ನ ಹತ್ತಿರ ಗೊಡಿನ್ ಮಲ್ಟಿಯಾಕ್ ಇದೆ, ಆರು ವರ್ಷ ಆಯಿತು. ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವ, ಯುಗಾದಿ ಕಾರ್ಯಕ್ರಮಗಳಿಗೆಲ್ಲ ಅದೇ.

ಗೊಡಿನ್ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕಂಪನಿ. ರಾಬರ್ಟ್ ಗೊಡಿನ್ 1972ರಲ್ಲಿ ಲಾ ಪಾತ್ರಿ ಎನ್ನುವ ಸಣ್ಣ ಊರಿನಲ್ಲಿ ಗಿಟಾರ್ ಮಾಡಲು ಶುರು ಮಾಡಿದರು. ಮಲ್ಟಿಯಾಕ್ ಬಂದದ್ದು 90ರ ದಶಕದಲ್ಲಿ. ಮುಂದೆ ನಿಜವಾದ ತೆಳು ಪಲಕ ಇದೆ, ಒಳಗೆ ಎರಡು ಕೋಣೆ. ಪ್ಲಗ್ ಹಾಕದೆ ನುಡಿಸಿದರೆ ಕೋಣೆಯ ಇನ್ನೊಂದು ಮೂಲೆಗೆ ಅಷ್ಟಾಗಿ ಕೇಳುವುದಿಲ್ಲ. ಪ್ಲಗ್ ಹಾಕಿದರೆ ಗಟ್ಟಿ ಮರದ ಗಿಟಾರಿಗಿಂತ ಮೃದು, ತೂತಿನ ಗಿಟಾರಿಗಿಂತ ಗಟ್ಟಿ. ನನಗೆ ಈ ನಡುದಾರಿ ತುಂಬಾ ಹಿಡಿಸಿದೆ.

ಇದರ ಕೆಲವು ಮಾಡೆಲ್‌ಗಳಲ್ಲಿ ಇನ್ನೊಂದು ವಿಶೇಷ ಇದೆ. ಆರು ತಂತಿಗೂ ಬೇರೆ ಬೇರೆ ಪೀಜೋ, ಜೊತೆಗೆ 13 ಪಿನ್ ಸಾಕೆಟ್. ರೋಲ್ಯಾಂಡ್ ಜಿಆರ್-55 ಥರದ ಸಿಂಥಸೈಜರಿಗೆ ಜೋಡಿಸಿದರೆ ಗಿಟಾರ್ ನುಡಿಸಿ ಕೊಳಲು, ಪಿಟೀಲು, ತಂಬೂರಿ ಥರದ ಶ್ರುತಿಯ ಹಾಸು ತರಿಸಬಹುದು. ಕೀಬೋರ್ಡಿನವರು ಬಾರದ ದಿನ ನಾನು ಹಾಗೆ ಮಾಡಿದ್ದೇನೆ. ಆದರೆ ವೇಗದ ಪಲುಕುಗಳಿಗೆ ಅದನ್ನು ನಂಬಬೇಡಿ. ಯಂತ್ರಕ್ಕೆ ಸ್ವರ ಯಾವುದೆಂದು ತಿಳಿಯಲು ತಂತಿ ಒಂದು ಸುತ್ತಾದರೂ ಅಲುಗಬೇಕು. ಬಿಟ್ಟ ಆರನೇ ತಂತಿ 82 ಹರ್ಟ್ಸ್, ಒಂದು ಸುತ್ತಿಗೇ 12 ಮಿಲಿಸೆಕೆಂಡ್ ಬೇಕು. ಮೊದಲ ತಂತಿಗೆ 3 ಸಾಕು. ಹಾಗಾಗಿ ಮಂದ್ರದಲ್ಲಿ ಶಬ್ದ ಒಂದು ಎಳೆ ತಡವಾಗಿ ಬರುತ್ತದೆ. ಅದು ಕೆಟ್ಟಿರುವುದಲ್ಲ, ತಂತಿಯ ಸ್ವಭಾವವೇ ಹಾಗೆ.

ಹೊಸದು ನಿಮ್ಮ ಒಂದು ಲಕ್ಷ ದಾಟುತ್ತದೆ ಅಣ್ಣ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ.

ರೆಕಾರ್ಡಿಂಗ್ ರೂಮ್ · ಜುಲೈ 5, ಸಂಜೆ 6:30

ಎಲ್ಲರೂ ವೇದಿಕೆಯ ಬಗ್ಗೆಯೇ ಹೇಳುತ್ತಿದ್ದೀರಿ. ಸ್ಟುಡಿಯೋದ ಪರವಾಗಿ ನಾನು ಮಾತಾಡಲೇಬೇಕು. ಬೆಂಗಳೂರಿನಲ್ಲಿ ಒಂದು ಸಣ್ಣ ಸ್ಟುಡಿಯೋ ನೋಡಿಕೊಳ್ಳುತ್ತೇನೆ.

ಮಂದ್ರ ಅವರೇ, ನಿಮ್ಮ ಹಳೆಯ ಕ್ಲಾಸಿಕಲ್ ಗಿಟಾರನ್ನು ದಯವಿಟ್ಟು ಮಾರಬೇಡಿ. ಸದ್ದಿಲ್ಲದ ಕೋಣೆ, ಒಂದು ಒಳ್ಳೆಯ ಕಂಡೆನ್ಸರ್ ಮೈಕ್, 12ನೇ ಫ್ರೆಟ್ಟಿನ ಎದುರು ಒಂದಡಿ ದೂರ. ಇದರ ಮುಂದೆ ಯಾವ ಪಿಕಪ್ಪೂ ನಿಲ್ಲುವುದಿಲ್ಲ. ಪೀಜೋ ಹಿಡಿಯುವುದು ಸ್ಯಾಡಲ್ ಮೇಲಿನ ಒತ್ತಡವನ್ನು. ಮೈಕ್ ಹಿಡಿಯುವುದು ಪೆಟ್ಟಿಗೆ, ಗಾಳಿ, ಬೆರಳು, ಕೋಣೆ ಎಲ್ಲವನ್ನೂ. ಜೋರಾಗಿ ಮೀಟಿದಾಗ ಪೀಜೋದಿಂದ ಪ್ಲಾಸ್ಟಿಕ್ ತಟ್ಟಿದ ಹಾಗೆ 'ಟಕ್' ಅಂತ ಬರುತ್ತದಲ್ಲ, ಅದು ಗಿಟಾರಿನ ದನಿಯೇ ಅಲ್ಲ.

ಆದರೆ ಎಲ್ಲರಿಗೂ ಅಂಥ ಕೋಣೆ ಇರುವುದಿಲ್ಲ, ಗೊತ್ತು. ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಕೆಳಗಡೆ ಆಟೋ ಸದ್ದು, ಪಕ್ಕದ ಮನೆಯ ಕುಕ್ಕರ್ ಕೂಗು. ಅಂಥವರಿಗೆ ಹೈಬ್ರಿಡ್ ಗಿಟಾರ್, ಅಂದರೆ ನೈಲಾನ್ ತಂತಿಯ ಈ ಎಲೆಕ್ಟ್ರಿಕ್ ಗಿಟಾರ್, ವರದಾನ. ಅವರು ಐಆರ್ (ಇಂಪಲ್ಸ್ ರೆಸ್ಪಾನ್ಸ್) ಬಳಸುವುದನ್ನು ಕಲಿಯಲೇಬೇಕು. ಸುಲಭವಾಗಿ ಹೇಳಬೇಕೆಂದರೆ, ಒಂದು ಒಳ್ಳೆಯ ಗಿಟಾರನ್ನು ಮೈಕಿನಲ್ಲೂ ಪಿಕಪ್ಪಿನಲ್ಲೂ ಒಟ್ಟಿಗೆ ರೆಕಾರ್ಡ್ ಮಾಡುತ್ತಾರೆ. ಎರಡರ ನಡುವಿನ ವ್ಯತ್ಯಾಸವನ್ನು ಒಂದು ಪುಟ್ಟ ಫೈಲ್ ಮಾಡಿ ಇಡುತ್ತಾರೆ. 2048 ಸ್ಯಾಂಪಲ್‌ನ ಫೈಲ್ ಅಂದರೆ 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 43 ಮಿಲಿಸೆಕೆಂಡ್, ಅಷ್ಟೇ. ನಿಮ್ಮ ಪೀಜೋ ಶಬ್ದವನ್ನು ಅದರ ಮೂಲಕ ಹಾಯಿಸಿದರೆ ಪೆಟ್ಟಿಗೆಯ ಉಸಿರು ಮರಳಿ ಬರುತ್ತದೆ. ಇದನ್ನು ಮಾಡುವ ಪೆಡಲ್‌ಗಳು ಈಗ ಬೇಕಾದಷ್ಟಿವೆ: ಟೋನ್‌ಡೆಕ್ಸ್ಟರ್, ನಕ್ಸ್ ಆಪ್ಟಿಮಾ ಏರ್, ಫಿಶ್‌ಮನ್ ಆರಾ. ಸ್ಟೀಲ್ ಗಿಟಾರಿನಿಂದ ಮಾಡಿದ ಫೈಲ್ ನೈಲಾನಿಗೆ ಹಾಕಬೇಡಿ, ಹಿತ್ತಾಳೆ ತಟ್ಟೆ ಬಡಿದ ಹಾಗಿರುತ್ತದೆ. ಐಆರ್ ಪೂರ್ತಿ ಏರಿಸಬೇಡಿ, ಅರ್ಧದ ಹತ್ತಿರ ನಿಲ್ಲಿಸಿ.

ಮೈಕ್ ಮತ್ತು ಪಿಕಪ್ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಮೈಕ್ 30 ಸೆಂ.ಮೀ. ದೂರ ಇದ್ದರೆ ಶಬ್ದ ಅಲ್ಲಿಗೆ ಮುಟ್ಟಲು ಹತ್ತಿರ ಹತ್ತಿರ 0.9 ಮಿಲಿಸೆಕೆಂಡ್ ಬೇಕು. ಪಿಕಪ್ ಟ್ರ್ಯಾಕನ್ನು ಅಷ್ಟು ತಡವಾಗಿ ಶುರುವಾಗುವ ಹಾಗೆ ಸರಿಸಿ. ಇಲ್ಲದಿದ್ದರೆ ಎರಡೂ ಒಂದನ್ನೊಂದು ತಿಂದು ದನಿ ಟೊಳ್ಳಾಗುತ್ತದೆ. ಎಷ್ಟೋ ಜನ ಇದೊಂದು ಗೊತ್ತಿಲ್ಲದೆ ಗಿಟಾರನ್ನೇ ಬೈಯುತ್ತಾರೆ.

ಹುಬ್ಬಳ್ಳಿ ಸೌಂಡ್ · ಜುಲೈ 5, ರಾತ್ರಿ 9:10

ಮೇಡಂ, ಬಹಳ ಚೆನ್ನಾಗಿ ಹೇಳಿದಿರಿ. ಇದಕ್ಕೆ ಒಂದು ಸೇರಿಸುತ್ತೇನೆ. ಪ್ರೀಆಂಪ್ ಇಲ್ಲದ ಬರೀ ಪೀಜೋ ಗಿಟಾರನ್ನು ನೇರವಾಗಿ ಮಿಕ್ಸರಿಗೆ ಚುಚ್ಚುವವರು ಇನ್ನೂ ಇದ್ದಾರೆ. ದನಿ ತೆಳ್ಳಗೆ, ಟಿನ್ನಿನ ಹಾಗೆ ಬರುತ್ತದೆ. ಕಾರಣ ಇಷ್ಟೇ. ಪೀಜೋ ಒಂದು ಸಣ್ಣ ಕೆಪಾಸಿಟರ್ ಇದ್ದ ಹಾಗೆ. ಅದು ಒಂದು ನ್ಯಾನೋಫ್ಯಾರಡ್ ಅಂದುಕೊಳ್ಳಿ. ಎದುರಿಗೆ 10 ಕಿಲೋ ಓಮ್‌ನ ಲೈನ್ ಇನ್‌ಪುಟ್ ಇದ್ದರೆ 16,000 ಹರ್ಟ್ಸ್‌ನ ಕೆಳಗೆಲ್ಲ ಇಳಿಯುತ್ತಾ ಹೋಗುತ್ತದೆ. 1 ಮೆಗಾ ಓಮ್ ಇದ್ದರೂ 160ರ ಕೆಳಗೆ ಸೋರುತ್ತದೆ. 10 ಮೆಗಾ ಓಮ್ ಇದ್ದರೆ ಮಂದ್ರ ಪೂರ್ತಿ ಉಳಿಯುತ್ತದೆ. ಅದಕ್ಕೇ ಗಿಟಾರಿನ ಒಳಗೇ ಪ್ರೀಆಂಪ್ ಇರುವುದು, ಅದಕ್ಕೇ 9 ವೋಲ್ಟ್ ಬ್ಯಾಟರಿ.

ಬ್ಯಾಟರಿ ಹೊಸದು ಜೇಬಿನಲ್ಲಿರಲಿ. ಕಾರ್ಯಕ್ರಮ ಮುಗಿದ ಕೂಡಲೇ ಜ್ಯಾಕ್ ಕಿತ್ತುಬಿಡಿ. ಜ್ಯಾಕ್ ಒಳಗಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಮರದ ಕೈ · ಜುಲೈ 6, ಬೆಳಿಗ್ಗೆ 6:45

ನಾನು ಶಿವಮೊಗ್ಗದಲ್ಲಿ ಗಿಟಾರ್, ವೀಣೆ ರಿಪೇರಿ ಮಾಡುತ್ತೇನೆ. ನನ್ನ ಬೆಂಚಿಗೆ ಬಂದದ್ದನ್ನು ನೋಡಿ ಹೇಳುತ್ತೇನೆ.

ಅತಿ ಹೆಚ್ಚು ಬರುವ ದೂರು, "ಮೂರನೇ ತಂತಿ ಕೇಳುವುದಿಲ್ಲ, ಎರಡನೆಯದು ಕಿರುಚುತ್ತದೆ" ಅಂತ. ಹತ್ತರಲ್ಲಿ ಎಂಟು ಸಲ ಪಿಕಪ್ ಕೆಟ್ಟಿರುವುದಿಲ್ಲ. ಸ್ಯಾಡಲ್‌ನ ತಳ ಸಮ ಇರುವುದಿಲ್ಲ, ಅಥವಾ ಸಂದಿನಲ್ಲಿ ಮರದ ಪುಡಿ ಕೂತಿರುತ್ತದೆ. ಪಟ್ಟಿ ಪಿಕಪ್ಪಿಗೆ ಎಲ್ಲ ಕಡೆ ಒಂದೇ ಸಮ ಒತ್ತಡ ಬೇಕು. ಗಾಜಿನ ಮೇಲೆ ಮರಳು ಕಾಗದ ಇಟ್ಟು ಸ್ಯಾಡಲ್ ತಳವನ್ನು ಉಜ್ಜಿ ಚಪ್ಪಟೆ ಮಾಡಿದರೆ ಅರ್ಧ ಗಂಟೆಯ ಕೆಲಸ. ತಂತಿಯ ಎತ್ತರ ಇಳಿಸುವುದೂ ಅದೇ ತಳ ಉಜ್ಜಿಯೇ, ಹಾಗಾಗಿ ನಿಧಾನವಾಗಿ ಉಜ್ಜಿ. ಒಮ್ಮೆ ಹೋದದ್ದು ಮರಳಿ ಬರುವುದಿಲ್ಲ. ತಂತಿ ಎತ್ತರ 12ನೇ ಫ್ರೆಟ್ಟಿನಲ್ಲಿ ಕ್ಲಾಸಿಕಲ್‌ಗೆ ಆರನೇ ತಂತಿ 4, ಮೊದಲನೆಯದು 3 ಮಿ.ಮೀ. ಆಸುಪಾಸು. ವೇದಿಕೆಯವರು ಅರ್ಧ ಮಿ.ಮೀ. ಇಳಿಸಿಕೊಳ್ಳಬಹುದು. ಇನ್ನೂ ಇಳಿಸಿದರೆ ನೈಲಾನ್ ಅಗಲವಾಗಿ ಅಲುಗುವುದರಿಂದ ಫ್ರೆಟ್ಟಿಗೆ ಬಡಿಯುತ್ತದೆ.

ಎರಡನೇ ಮಾತು ಕೈಮುಗಿದು ಹೇಳುತ್ತೇನೆ. ಎಲೆಕ್ಟ್ರಿಕ್ ಪಿಕಪ್ ಇದೆ ಅಂತ ನೈಲಾನ್ ಗಿಟಾರಿಗೆ ಸ್ಟೀಲ್ ತಂತಿ ಹಾಕಬೇಡಿ. ನೈಲಾನ್ ಸೆಟ್ಟಿನ ಆರೂ ತಂತಿಯ ಎಳೆತ ಒಟ್ಟು 40 ಕಿಲೋ ಹತ್ತಿರ. ಸ್ಟೀಲ್ ಲೈಟ್ ಸೆಟ್ಟಿನದು 70 ದಾಟುತ್ತದೆ. ಹಾಗೆ ಮಾಡಿ ಬ್ರಿಡ್ಜ್ ಕಿತ್ತು ಬಂದ ಗಿಟಾರ್ ಹಿಡಿದು ಅಳುತ್ತಾ ಬಂದ ಹುಡುಗರನ್ನು ನೋಡಿದ್ದೇನೆ. ನೋಡಲಾಗುವುದಿಲ್ಲ.

ಕಡಲತಡಿ · ಜುಲೈ 6, ಬೆಳಿಗ್ಗೆ 8:30

ಮರದ ಕೈ ಸರ್ ಬಂದಿದ್ದು ಖುಷಿ. ನಮ್ಮ ಕರಾವಳಿಯವರಿಗಾಗಿ ಒಂದು ಕೇಳುತ್ತೇನೆ. ಈಗ ಮಳೆಗಾಲ, ಗೋಡೆಯೇ ಬೆವರುತ್ತಿದೆ. ನನ್ನ ಗಿಟಾರಿನ ಮೇಲ್ಪಲಕ ಉಬ್ಬಿ ತಂತಿ ಎತ್ತರವಾಗಿದೆ. ಏನು ಮಾಡಲಿ?

ಮರದ ಕೈ · ಜುಲೈ 6, ಬೆಳಿಗ್ಗೆ 9:00

ಈಗ ಸ್ಯಾಡಲ್ ಮುಟ್ಟಬೇಡಿ. ಮಳೆ ಹೋದ ಮೇಲೆ ಪಲಕ ತಾನೇ ಇಳಿಯುತ್ತದೆ, ಆಗ ನೀವು ಉಜ್ಜಿದ ಸ್ಯಾಡಲ್ ಗಿಡ್ಡವಾಗಿಬಿಡುತ್ತದೆ. ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಒಳಗೆ ಸಿಲಿಕಾ ಜೆಲ್ ಹಾಕಿ. ಒಂದು ಸಣ್ಣ ತೇವಮಾಪಕ ಇಡಿ. 45ರಿಂದ 55 ಶೇಕಡಾ ನಡುವೆ ಇದ್ದರೆ ಮರ ಸುಖವಾಗಿರುತ್ತದೆ. ಬಳ್ಳಾರಿ, ಕಲಬುರಗಿ ಕಡೆಯವರಿಗೆ ಬೇಸಿಗೆಯಲ್ಲಿ ಇದರ ಉಲ್ಟಾ, ಮರ ಒಣಗಿ ಸೀಳುತ್ತದೆ. ಅವರು ಪೆಟ್ಟಿಗೆಯೊಳಗೆ ತೇವ ಕೊಡಬೇಕು. ಈ ತಾಪತ್ರಯ ಬೇಡವೇ ಬೇಡ ಅನ್ನುವವರಿಗೆ ಮೈಯಿಲ್ಲದ ಸೈಲೆಂಟ್ ಗಿಟಾರ್ ವಾಸಿ. ಉಬ್ಬಲು ಪಲಕವೇ ಇಲ್ಲ.

ವೀಣೆಯಿಂದ ಗಿಟಾರಿಗೆ · ಜುಲೈ 6, ಮಧ್ಯಾಹ್ನ 3:20

ನಮಸ್ಕಾರ. ನಾನು ಎಂಟು ವರ್ಷ ವೀಣೆ ಕಲಿತವಳು. ಈಗ ನೈಲಾನ್ ಹೈಬ್ರಿಡ್ ಮೇಲೆ ಕರ್ನಾಟಕ ಸಂಗೀತ ನುಡಿಸಬೇಕು ಅಂತ ಆಸೆ. ಆದರೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಸ್ವರ ಏರುವುದೇ ಇಲ್ಲ! ವೀಣೆಯಲ್ಲಿ ಒಂದೇ ಮೆಟ್ಟಿಲಿನಲ್ಲಿ ಎಷ್ಟು ದೂರ ಎಳೆಯುತ್ತೇವೆ. ಇಲ್ಲಿ ಅರ್ಧ ಸ್ವರಕ್ಕೇ ಬೆರಳು ಸೋಲುತ್ತದೆ. ಗಿಟಾರ್ ಬದಲಿಸಿದರೆ ಸರಿಹೋಗುತ್ತದಾ?

ಆರನೇ ತಂತಿ · ಜುಲೈ 6, ಸಂಜೆ 5:05

ಗಿಟಾರ್ ಬದಲಿಸಿದರೆ ಸರಿಹೋಗುವುದಿಲ್ಲ ಮೇಡಂ. ಅದು ನೈಲಾನಿನ ಗುಣ. ಸ್ಟೀಲ್ ಹಿಗ್ಗಲು ಒಪ್ಪುವುದಿಲ್ಲ, ಹಾಗಾಗಿ ಸ್ವಲ್ಪ ಎಳೆದರೂ ಬಿಗಿ ಒಮ್ಮೆಲೇ ಏರುತ್ತದೆ, ಸ್ವರವೂ ಏರುತ್ತದೆ. ನೈಲಾನ್ ಸುಲಭವಾಗಿ ಹಿಗ್ಗುತ್ತದೆ. ನೀವು ಎಳೆದದ್ದೆಲ್ಲ ಹಿಗ್ಗುವುದರಲ್ಲೇ ಹೋಗುತ್ತದೆ. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವ ಪ್ರಸನ್ನ ಅವರನ್ನು ನೋಡಿ, ಅವರ ಕೈಯಲ್ಲಿ ಸ್ಟೀಲ್ ತಂತಿಯ ಎಲೆಕ್ಟ್ರಿಕ್. ಭಾರತೀಯ ಸಂಗೀತ, ಜಾಝ್ ಬೆರೆಸಿದ ಶಕ್ತಿ ತಂಡದಲ್ಲಿ ಜಾನ್ ಮೆಕ್‌ಲಾಗ್ಲಿನ್ ನುಡಿಸಿದ ಗಿಟಾರಿಗೂ ಸ್ಟೀಲ್ ತಂತಿಯೇ, ಫ್ರೆಟ್‌ಗಳ ನಡುವಿನ ಮರವನ್ನು ತಗ್ಗಾಗಿ ಕೆತ್ತಿಸಿದ್ದರು, ಎಳೆಯಲು ಅನುಕೂಲವಾಗಲಿ ಅಂತ.

ನೈಲಾನಿನಲ್ಲಿ ಬೇರೆ ದಾರಿ ಹಿಡಿಯಬೇಕು. ಜಾರು ಚೆನ್ನಾಗಿ ಬರುತ್ತದೆ. ಕಂಪಿತವನ್ನು ಎರಡು ಫ್ರೆಟ್ ನಡುವೆ ಬೆರಳು ಜಾರಿಸಿ ತರಬಹುದು. ಹಂಸಧ್ವನಿ, ಮೋಹನ ಥರದ ರಾಗಗಳಿಂದ ಶುರು ಮಾಡಿ. ತೋಡಿಯನ್ನು ವೀಣೆಗೇ ಬಿಡಿ.

ವೀಣೆಯಿಂದ ಗಿಟಾರಿಗೆ · ಜುಲೈ 6, ಸಂಜೆ 5:40

ಮನಸ್ಸಿಗೆ ಸಮಾಧಾನ ಆಯಿತು. ತಪ್ಪು ನನ್ನ ಬೆರಳಿನದು ಅಂದುಕೊಂಡಿದ್ದೆ. ಹಂಸಧ್ವನಿಯಿಂದಲೇ ಶುರು ಮಾಡುತ್ತೇನೆ.

ಹೊಸ ಫ್ರೆಟ್ · ಜುಲೈ 6, ರಾತ್ರಿ 8:15

ನಾನು ಬೆಂಗಳೂರು, ವಯಸ್ಸು ಹತ್ತೊಂಬತ್ತು. ಐಬಾನೆಜ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಎಲೆಕ್ಟ್ರಿಕ್ ಗಿಟಾರಿನಿಂದ ಬಂದವನು, ನನ್ನ ಹತ್ತಿರ ಎಫ್‌ಆರ್‌ಎಚ್10ಎನ್ ಇದೆ. ನಟ್ 46 ಮಿ.ಮೀ., ಮೈ ತೆಳ್ಳಗೆ, ಮುಂದೆ ತೂತಿಲ್ಲ. ಪಾಲಿಫಿಯಾ ಬ್ಯಾಂಡಿನ ಟಿಮ್ ಹೆನ್ಸನ್ ಹೆಸರಿನಲ್ಲಿ 2022ರಲ್ಲಿ ಬಂದ ಟಿಒಡಿ10ಎನ್ ಇದರ ಅಣ್ಣ. ಅವರಿಂದಾಗಿ ನನ್ನ ಕಾಲೇಜಿನಲ್ಲೇ ನಾಲ್ಕು ಜನ ನೈಲಾನ್ ಹಿಡಿದಿದ್ದಾರೆ. ನಮಗೆ ನೈಲಾನ್ ಅಂದರೆ ನಿಧಾನದ ಹಾಡು ಅಲ್ಲ. ಟ್ಯಾಪಿಂಗ್, ಹಾರ್ಮೋನಿಕ್ಸ್ ಎಲ್ಲ ಮಾಡುತ್ತೇವೆ. ಆ ಮೃದು ದನಿಯಲ್ಲಿ ಅಷ್ಟು ವೇಗ ಕೇಳುವುದೇ ಒಂದು ರೋಮಾಂಚನ.

ಆರನೇ ತಂತಿ · ಜುಲೈ 6, ರಾತ್ರಿ 8:50

ನೀನು ಹೇಳಿದ್ದು ಕೇಳಿ ಸಂತೋಷವಾಯಿತು ಕಣಪ್ಪ. ನೈಲಾನ್ ಹಳೆಬರದ್ದು ಅನ್ನುವ ಮಾತು ಹೋಗಲಿ ಅಂತ ನನಗೂ ಆಸೆ. ಗಿಟಾರಿನ ಮೈ ತಟ್ಟಿ ತಾಳ ಹಾಕುವ ಶೈಲಿ ನಿನಗೆ ಇಷ್ಟವಿದ್ದರೆ ಮೆಕ್ಸಿಕೋದ ರೋಡ್ರಿಗೋ ಇ ಗ್ಯಾಬ್ರಿಯೆಲಾ ಜೋಡಿಯನ್ನು ಕೇಳು. ಆದರೆ ಸ್ಯಾಡಲ್ ಕೆಳಗಿನ ಪಿಕಪ್ ಒಂದೇ ಇದ್ದರೆ ಆ ತಟ್ಟು ಅಷ್ಟಾಗಿ ಕೇಳುವುದಿಲ್ಲ. ಅದಕ್ಕೆ ಮೇಲ್ಪಲಕಕ್ಕೆ ಅಂಟಿಸುವ ಇನ್ನೊಂದು ಸೆನ್ಸರ್ ಬೇಕು.

ಮೈಸೂರು ಮಂದ್ರ · ಆಗಸ್ಟ್ 2, ರಾತ್ರಿ 9:30

ಒಂದು ತಿಂಗಳ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಅಷ್ಟು ಹೇಳಿದ್ದಕ್ಕೆ ಏನಾಯಿತು ಅಂತ ತಿಳಿಸಲೇಬೇಕು.

ಮೊದಲು ರಬ್ಬರ್ ಮುಚ್ಚಳ ಹಾಕಿ, 100 ಹರ್ಟ್ಸ್ ಹತ್ತಿರ ನಾಚ್ ಇಟ್ಟು ಒಂದು ಸಣ್ಣ ಸಭಾಂಗಣದಲ್ಲಿ ನುಡಿಸಿದೆ. ಹೌಲಿಂಗ್ ಬರಲಿಲ್ಲ. ಆದರೆ ಒಂದು ಮದುವೆ ಆರತಕ್ಷತೆಯಲ್ಲಿ ಡ್ರಮ್ ಸೆಟ್ ಪಕ್ಕ ಕೂರಿಸಿದರು, ಅಲ್ಲಿ ಮತ್ತೆ ಅದೇ ಕತೆ. ಹುಬ್ಬಳ್ಳಿ ಸರ್ ಮೊದಲೇ ಹೇಳಿದ್ದರು.

ಬೆಂಗಳೂರಿಗೆ ಹೋಗಿ ಅಂಗಡಿಗಳಲ್ಲಿ ಒಂದಿಡೀ ದಿನ ಕಳೆದೆ. ಎಲ್ಲದರಲ್ಲೂ ಅದೇ ಎರಡು ಭಾವಗೀತೆ ನುಡಿಸಿದೆ. 48ರಲ್ಲಿ ಎರಡನೇ ಹಾಡಿಗೇ ಬಲಗೈ ಗಲಿಬಿಲಿಯಾಯಿತು. ಉಂಗುರ ಬೆರಳು ಸುಮ್ನೆ ಎರಡನೇ ತಂತಿಗೆ ತಾಗುತ್ತಿತ್ತು. 46ರ ಐಬಾನೆಜ್ ಚೆನ್ನಾಗಿತ್ತು, ನನ್ನ ಕೈಗಲ್ಲ. ಸೆಕೆಂಡ್ ಹ್ಯಾಂಡ್ ಮಲ್ಟಿಯಾಕ್ ಒಂದು ಸಿಕ್ಕಿತು. ಅದರ ದನಿ ನನಗೆ ಎಲ್ಲಕ್ಕಿಂತ ಇಷ್ಟವಾಯಿತು, ಆದರೆ ಹೇಳಿದ ಬೆಲೆ ನನಗೆ ನಿಲುಕಲಿಲ್ಲ. ಕೊನೆಗೆ 52 ಮಿ.ಮೀ. ಇರುವ ಸೈಲೆಂಟ್ ಗಿಟಾರ್ ಕೊಂಡೆ. ಉಳಿದ ದುಡ್ಡಿನಲ್ಲಿ ಐಆರ್ ಹಾಕುವ ಒಂದು ಪೆಡಲ್.

ಮೊನ್ನೆ ಬಯಲಿನಲ್ಲೇ ಮೊದಲ ಕಾರ್ಯಕ್ರಮ. ಅದೇ ತಂಡ, ಅದೇ ಗಾಯಕಿ. ಮಾನಿಟರಿನಲ್ಲಿ ನನ್ನ ಗಿಟಾರ್ ಬೇಕಾದಷ್ಟು ಏರಿಸಿದರು, ಒಂದು ಸಲವೂ ಕೂಗಲಿಲ್ಲ. ಆದರೆ ಒಂದು ಕೊರತೆ ಹೇಳಲೇಬೇಕು. ಗಿಟಾರ್ ಎದೆಗೆ ತಾಗಿ ಗುಂಯ್‌ಗುಡುವುದು ಇಲ್ಲ. ಹದಿನಾಲ್ಕು ವರ್ಷ ಅದನ್ನು ಎದೆಯಲ್ಲಿ ಕೇಳಿದವನಿಗೆ ಮೊದಲ ಅರ್ಧ ಗಂಟೆ ಬೇರೆ ಯಾರೋ ನುಡಿಸುತ್ತಿದ್ದಾರೆ ಅನ್ನಿಸಿತು. ಆಮೇಲೆ ಮಾನಿಟರನ್ನು ಬಲಗಾಲಿನ ಹತ್ತಿರಕ್ಕೆ ಎಳೆದುಕೊಂಡೆ, ಸ್ವಲ್ಪ ಸರಿಹೋಯಿತು. ಮೊದಲ ಮೂರು ದಿನ ಹೊಸ ತಂತಿಯ ಶ್ರುತಿ ಇಳಿಯುತ್ತಲೇ ಇತ್ತು, ಇನ್ನು ಮುಂದೆ ಕಾರ್ಯಕ್ರಮದ ಹಿಂದಿನ ದಿನ ತಂತಿ ಬದಲಿಸುವುದಿಲ್ಲ.

ಹಳೆಯ ಗಿಟಾರ್ ಮಾರಿಲ್ಲ ಮೇಡಂ. ಮುಂದಿನ ವಾರ ಒಂದು ರೆಕಾರ್ಡಿಂಗ್ ಇದೆ, ಅದಕ್ಕೆ ಮೈಕ್ ಮುಂದೆ ಅದೇ.

ರೆಕಾರ್ಡಿಂಗ್ ರೂಮ್ · ಆಗಸ್ಟ್ 2, ರಾತ್ರಿ 10:05

ಓದಿ ಮನಸ್ಸು ತುಂಬಿತು. ರೆಕಾರ್ಡಿಂಗಿಗೆ ಹೋಗುವ ಮೂರು ನಾಲ್ಕು ದಿನ ಮೊದಲೇ ಹಳೆಯದಕ್ಕೂ ಹೊಸ ತಂತಿ ಹಾಕಿ. ಮೂರನೇ ತಂತಿ ಮಂಕಾಗಿ ಕೇಳಿದರೆ ಅದೊಂದನ್ನು ಕಾರ್ಬನ್ ತಂತಿ ಮಾಡಿ ನೋಡಿ. ಅದು ಹೆಚ್ಚು ಸಾಂದ್ರ, ಹಾಗಾಗಿ ತೆಳ್ಳಗಿರುತ್ತದೆ, ದನಿ ಹೊಳೆಯುತ್ತದೆ.

ಹುಬ್ಬಳ್ಳಿ ಸೌಂಡ್ · ಆಗಸ್ಟ್ 2, ರಾತ್ರಿ 11:20

ಬಹಳ ಖುಷಿ ಆಯಿತು ಸರ್. ಬೇರೆಯವರಿಗೂ ಉಪಯೋಗ ಆಗುತ್ತದೆ, ನೀವು ಮೊನ್ನೆ ಇಟ್ಟ ಸೆಟ್ಟಿಂಗ್ ಬರೆದುಬಿಡಿ.

ಮೈಸೂರು ಮಂದ್ರ · ಆಗಸ್ಟ್ 3, ಬೆಳಿಗ್ಗೆ 6:30

ಖಂಡಿತ ಸರ್. ಗಿಟಾರಿನಲ್ಲಿ ಬಾಸ್, ಟ್ರೆಬಲ್ ಎರಡೂ ನಡುವೆ. ಅದರ ಒಳಗಿನ ರಿವರ್ಬ್ ಆಫ್. ಪೆಡಲಿನಲ್ಲಿ ನೈಲಾನ್ ಐಆರ್ 40 ಶೇಕಡಾ. ಅಲ್ಲಿಂದ ಡಿಐ ಬಾಕ್ಸ್‌ಗೆ (ಗಿಟಾರಿನ ದನಿಯನ್ನು ಮಿಕ್ಸರಿಗೆ ಹೊಂದುವಂತೆ ಮಾಡುವ ಪೆಟ್ಟಿಗೆ). ಮಿಕ್ಸರಿನಲ್ಲಿ 80 ಹರ್ಟ್ಸ್ ಕೆಳಗೆ ಕಟ್, 2,500ರ ಹತ್ತಿರ 3 ಡೆಸಿಬೆಲ್ ಇಳಿಕೆ, 'ಟಕ್' ಶಬ್ದ ಅದರಿಂದಲೇ ಹೋಯಿತು. ರಿವರ್ಬ್ ಗಾಯಕಿಗೆ ಹಾಕಿದ್ದನ್ನೇ ನನಗೂ ಸ್ವಲ್ಪ ಕೊಟ್ಟರು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಹಾಡಿದ ಹಾಗಿತ್ತು.